ಹಾಲಿನ ಲೆಕ್ಕ, ಹಂಗಿನ ಲೆಕ್ಕ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ 2025ರ ಮೇ ತಿಂಗಳಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಶಿವಾನುಭವದಲ್ಲಿ ಹಾಲಿನ ದರ, ಡೀಸೆಲ್ ದರದ ಮಾತೇನು ಎಂದು ಕೆಲವರಿಗೆ ಅನಿಸಬಹುದು. ಪೂಜ್ಯರು ನನಗೆ ಹೇಳಿದ್ದು ಇಷ್ಟೇ: ಜನ ಕಟ್ಟೆಯ ಮೇಲೆ ಏನು ಮಾತಾಡುತ್ತಾರೋ ಅದನ್ನೇ ಇಲ್ಲಿ ಮಾತಾಡಿ, ಆದರೆ ಲೆಕ್ಕ ಹಿಡಿದು ಮಾತಾಡಿ. ನಾನು ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಈಗ ನಿವೃತ್ತಿಯಾಗಿ ನಮ್ಮೂರ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತೇನೆ. ಹಾಗಾಗಿ ಲೆಕ್ಕದಿಂದಲೇ ಹೊರಡುತ್ತೇನೆ.

ಎರಡು ತಾರೀಖು ನೆನಪಿಡಿ. ಈ ವರ್ಷದ ಮಾರ್ಚ್ 21, ಮತ್ತು ಏಪ್ರಿಲ್ 1. ನಡುವೆ ಇರುವುದು ಹತ್ತೇ ದಿನ.

ಮಾರ್ಚ್ 21ರಂದು ವಿಧಾನಸಭೆಯಲ್ಲಿ ಏನಾಯಿತೆಂದು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ಕೂಗಾಟ, ಕಾಗದ ಹರಿದು ತೂರಾಟ, ಹದಿನೆಂಟು ಶಾಸಕರ ಅಮಾನತು. ಆ ಗದ್ದಲದಲ್ಲೇ, ಚರ್ಚೆ ಇಲ್ಲದೆ, ಒಂದು ಕೆಲಸ ಮಾತ್ರ ಸುಸೂತ್ರವಾಗಿ ನಡೆಯಿತು. ಮುಖ್ಯಮಂತ್ರಿಯ ಸಂಬಳ 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ, ಮಂತ್ರಿಗಳದು 60 ಸಾವಿರದಿಂದ 1 ಲಕ್ಷ 25 ಸಾವಿರಕ್ಕೆ, ಶಾಸಕರದು 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಭತ್ಯೆಗಳು ಬೇರೆ. ಬೇರೆ ಯಾವ ವಿಷಯಕ್ಕೂ ಒಂದಾಗದವರು ಇದಕ್ಕೆ ಅಡ್ಡ ಬರಲಿಲ್ಲ. ಅವರೂ ಮನುಷ್ಯರೇ, ಅವರಿಗೂ ಖರ್ಚಿದೆ, ಸಂಬಳ ಏರಿದ್ದಕ್ಕೆ ನನ್ನ ದೊಡ್ಡ ತಕರಾರಿಲ್ಲ. ತಕರಾರಿರುವುದು ಏರಿಸಿಕೊಂಡ ರೀತಿಗೆ. ನಮ್ಮ ಸಂಘದಲ್ಲಿ ಇಪ್ಪತ್ತು ರೂಪಾಯಿ ಉಳಿತಾಯದ ಕಂತನ್ನು ಮೂವತ್ತು ಮಾಡಬೇಕಾದರೂ ಎರಡು ಸಭೆ ನಡೆಸಿ, ಎಲ್ಲರ ಸಹಿ ಹಾಕಿಸುತ್ತೇವೆ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಈ ಸಭೆಗೆ ಹೇಳಬೇಕಾಗಿಲ್ಲ. ಗಂಡ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹಿಂದಕ್ಕೆ ಸುರಿದು ಬಾ ಎಂದವಳು ಆಕೆ. ಜಯಂತಿಯ ಭಾಷಣದಲ್ಲಿ ಈ ಕಥೆ ಹೇಳದ ಮಂತ್ರಿ ಇಲ್ಲ.

ಈಗ ಏಪ್ರಿಲ್ 1. ಅಂದು ಬೆಳಿಗ್ಗೆಯಿಂದ ನಂದಿನಿ ಹಾಲು, ಮೊಸರಿಗೆ 4 ರೂಪಾಯಿ ಹೆಚ್ಚು. ಹಿಂದಿನ ವರ್ಷ ಜೂನ್‌ನಲ್ಲಿ ಪೊಟ್ಟಣಕ್ಕೆ 50 ಮಿಲಿ ಸೇರಿಸಿ 2 ರೂಪಾಯಿ ಏರಿಸಿದ್ದರಲ್ಲ, ಆ 50 ಮಿಲಿಯೂ ಅಂದೇ ಹೋಯಿತು. ವಿದ್ಯುತ್ತಿಗೆ ಯೂನಿಟ್ಟಿಗೆ 36 ಪೈಸೆ ಹೆಚ್ಚು. ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ 18.44ರಿಂದ 21.17 ಶೇಕಡಾಕ್ಕೆ ಏರಿ, ಲೀಟರಿಗೆ 2 ರೂಪಾಯಿ ಹೆಚ್ಚು. ಜನವರಿಯಲ್ಲೇ ಬಸ್ ದರ ನೂರಕ್ಕೆ 15ರಷ್ಟು ಏರಿತ್ತು. ಪಕ್ಕದ ರಾಜ್ಯಗಳಿಗಿಂತ ನಮ್ಮ ಡೀಸೆಲ್ ಅಗ್ಗವೇ ಎಂದು ಸರಕಾರ ಸಮಾಧಾನ ಹೇಳಿತು. ಪಕ್ಕದ ರಾಜ್ಯಕ್ಕೆ ಹೋಗಿ ಉಳುವವರು ಇಲ್ಲಿ ಯಾರಿದ್ದಾರೆ?

ಒಂದು ವಾರ ಕಳೆಯಿತು. ಏಪ್ರಿಲ್ 7ರಂದು ವಿರೋಧ ಪಕ್ಷ ಮೈಸೂರಿನಿಂದ ಜನಾಕ್ರೋಶ ಯಾತ್ರೆ ಹೊರಡಿಸಿತು. ಅದೇ ದಿನ ದಿಲ್ಲಿಯಲ್ಲಿ ಅದೇ ಪಕ್ಷದ ಸರಕಾರ ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಏರಿಸಿತು. ಉಜ್ವಲಾ ಯೋಜನೆಯ ಬಡ ಹೆಂಗಸರಿಗೂ ಬಿಡಲಿಲ್ಲ. ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ 2 ರೂಪಾಯಿ ಅಬಕಾರಿ ಸುಂಕವನ್ನೂ ಹಾಕಿತು. ಹೊರದೇಶದಲ್ಲಿ ಕಚ್ಚಾ ತೈಲದ ದರ ಇಳಿದಿತ್ತು, ಆದ್ದರಿಂದ ಬಂಕಿನ ದರ ಏರಲಿಲ್ಲ. ಆದರೆ ಇಳಿಯಬೇಕಾದದ್ದು ಇಳಿಯಲೂ ಇಲ್ಲ, ಆ ಇಳಿತ ಸರಕಾರದ ಕಿಸೆಗೆ ಹೋಯಿತು. ಕೆಲವೇ ದಿನಗಳಲ್ಲಿ ರಾಜ್ಯದ ಆಡಳಿತ ಪಕ್ಷವೂ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೇಂದ್ರದ ಬೆಲೆ ಏರಿಕೆಯ ವಿರುದ್ಧ ಪ್ರತಿಭಟನೆಗೆ ಕುಳಿತಿತು.

ಅಂದರೆ, ಬಂಧುಗಳೆ, ಬೆಲೆ ಏರಿಸಿದವರೇ ಬೆಲೆ ಏರಿಕೆಯ ವಿರುದ್ಧ ಬೀದಿಗಿಳಿದಿದ್ದಾರೆ. ಹಾಗಾದರೆ ಏರಿಸಿದವರು ಯಾರು, ನಾವೇ?

ಇನ್ನು ಹಾಲಿನ ಮಾತಿಗೆ ಬರೋಣ. ಇದರಲ್ಲಿ ನಮಗೆ ನಾವೇ ಎದುರಾಳಿಗಳಾಗುತ್ತೇವೆ. ಇಲ್ಲಿ ಕುಳಿತವರಲ್ಲಿ ಅರ್ಧಕ್ಕರ್ಧ ಮಂದಿ ಡೇರಿಗೆ ಹಾಲು ಹಾಕುವವರು. ಏರಿಸಿದ 4 ರೂಪಾಯಿ ಪೂರ್ತಿ ರೈತರಿಗೇ ಎಂದು ಸರಕಾರ ಹೇಳಿದೆ. ಅದು ಬಂದರೆ ನನಗೆ ಸಂತೋಷವೇ. ಪೇಟೆಯವರು ನಾಲ್ಕು ರೂಪಾಯಿಗೆ ಬೊಬ್ಬೆ ಹೊಡೆಯುವಾಗ, ಹಿಂಡಿ ಬೂಸಾದ ದರ ಏನಾಗಿದೆ ಎಂದು ಯಾರೂ ಕೇಳುವುದಿಲ್ಲ. ಆದರೆ ಹಾಲು ಹಾಕುವ ಅಕ್ಕ ಒಬ್ಬಳು ನನಗೆ ತನ್ನ ಹಾಲಿನ ಪುಸ್ತಕ ತೋರಿಸಿದಳು. ದರ ಏರಿದೆ, ಆದರೆ ಆ ತಿಂಗಳ ಬಟವಾಡೆಯಲ್ಲಿ ಹಿಂಡಿ, ಔಷಧಿ, ಮೇವು ಕಳೆದು ಆಕೆಯ ಕೈಗೆ ಉಳಿದದ್ದು ಮೊದಲಿನಷ್ಟೇ. ಏರಿದ ನಾಲ್ಕು ರೂಪಾಯಿ ಆಕೆಯ ಮನೆ ಬಾಗಿಲಿಗೆ ಬಂದು ಇನ್ನೊಂದು ಬಾಗಿಲಿನಿಂದ ಹೊರಗೆ ಹೋಯಿತು. ಆಕೆಯೇ ಸಂಜೆ ಮೊಮ್ಮಗನ ಚಹಾಕ್ಕೆ ಅಂಗಡಿಯಿಂದ ಸಕ್ಕರೆ, ಚಹಾಪುಡಿ ಕೊಳ್ಳುತ್ತಾಳೆ. ಡೀಸೆಲ್ ಏರಿದ್ದಕ್ಕೆ ಟಂಟಂನವನು ಬಾಡಿಗೆ ಏರಿಸಿದ್ದಾನೆ, ಟ್ರ್ಯಾಕ್ಟರಿನವನು ಗಂಟೆ ಲೆಕ್ಕ ಏರಿಸಿದ್ದಾನೆ. ಹಳ್ಳಿಯ ಮನುಷ್ಯ ಮಾರುವವನೂ ಹೌದು, ಕೊಳ್ಳುವವನೂ ಹೌದು. ಮಾರುವಾಗ ದರ ಇನ್ನೊಬ್ಬ ಹೇಳುತ್ತಾನೆ, ಕೊಳ್ಳುವಾಗಲೂ ಇನ್ನೊಬ್ಬನೇ ಹೇಳುತ್ತಾನೆ.

ತೊಗರಿಯ ಕಥೆ ಇದಕ್ಕಿಂತ ಕೆಟ್ಟದ್ದು. ಬೇಳೆ ದುಬಾರಿಯಾಯಿತೆಂದು ನಗರದಲ್ಲಿ ಕೂಗೆದ್ದಾಗ ಕೇಂದ್ರ ಸರಕಾರ ಸುಂಕವಿಲ್ಲದೆ ತೊಗರಿ ತರಿಸಲು ಬಾಗಿಲು ತೆರೆಯಿತು. ಆ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿ 2026ರ ಮಾರ್ಚ್‌ವರೆಗೆ ಒಯ್ದಿದೆ. ಈ ಸಲ ಕಲಬುರಗಿಯ ರೈತ ರಾಶಿ ಮಾಡಿ ಮಾರುಕಟ್ಟೆಗೆ ಬರುವಷ್ಟರಲ್ಲಿ ದರ ಬೆಂಬಲ ಬೆಲೆಯಾದ 7,550 ರೂಪಾಯಿಗಿಂತ ಕೆಳಗಿಳಿದಿತ್ತು. ರಾಜ್ಯ ಸರಕಾರ ಕ್ವಿಂಟಾಲಿಗೆ 450 ರೂಪಾಯಿ ಸೇರಿಸಿ 8,000 ಮಾಡಿತು, ಆದರೆ ಅದು ಖರೀದಿ ಕೇಂದ್ರಕ್ಕೆ ಹಾಕಿದವರಿಗೆ ಮಾತ್ರ. ಸಾಲ ಮಾಡಿದವನಿಗೆ ಕೇಂದ್ರದ ಸರದಿ ಕಾಯುವ ಪುರಸೊತ್ತು ಎಲ್ಲಿಯದು? ಅಡತಿ ಅಂಗಡಿಗೆ ಸುರಿದು ಬರುತ್ತಾನೆ. ಕೊಳ್ಳುವವರಿಗೆ ಅಗ್ಗವಾಗಲಿ ಎಂದು ಬೆಳೆಯುವವನ ಕೈ ತಿರುಚುವುದು ಬೆಲೆ ನಿಯಂತ್ರಣ ಅಲ್ಲ.

ಈಗ ನಾನು ಬಂದದ್ದೇ ಯಾವ ಮಾತಿಗೋ ಆ ಮಾತು. ಬೆಲೆ ಏರಿತೆಂದು ಹೆಂಗಸರು ಬಾಯಿ ಬಿಟ್ಟರೆ ತಕ್ಷಣ ಒಂದು ಉತ್ತರ ಬರುತ್ತದೆ: "ನಿಮಗೆ ತಿಂಗಳಿಗೆ ಎರಡು ಸಾವಿರ ಬರುತ್ತದಲ್ಲ, ಬಸ್ಸೂ ಪುಕ್ಕಟೆ, ಇನ್ನೇನು ಬೇಕು?" ಇದನ್ನು ಪಕ್ಷದವರು ಹೇಳುತ್ತಾರೆ, ಅದು ಇರಲಿ. ಮನೆಯ ಗಂಡಸರೂ ಹೇಳುತ್ತಾರೆ. ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಒಬ್ಬಾಕೆ, "ಅಕ್ಕಾ, ಉಂಡ ಮನೆಯ ಜಂತಿ ಎಣಿಸಬಾರದಲ್ಲ" ಎಂದಳು. ಆ ಮಾತು ನನ್ನನ್ನು ಎರಡು ದಿನ ನಿದ್ದೆ ಮಾಡಗೊಡಲಿಲ್ಲ.

ಯಾರ ಮನೆಯಲ್ಲಿ ಉಂಡದ್ದು, ತಾಯಿ? ಈ ವರ್ಷದ ರಾಜ್ಯ ಬಜೆಟ್ 4 ಲಕ್ಷ 9 ಸಾವಿರ ಕೋಟಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ 51 ಸಾವಿರ ಕೋಟಿ. ಎಂಟರಲ್ಲಿ ಒಂದು ಪಾಲು. ಈ ದುಡ್ಡು ಯಾವ ಪಕ್ಷದ ಕಚೇರಿಯಿಂದಲೂ ಬಂದದ್ದಲ್ಲ. ನೀನು ಸೋಪು ಕೊಂಡಾಗ, ನಿನ್ನ ಮಗ ಬೈಕಿಗೆ ಪೆಟ್ರೋಲ್ ಹಾಕಿಸಿದಾಗ, ನಿನ್ನ ಗಂಡ ಟಿಕೆಟು ತೆಗೆಸಿದಾಗ ಕೊಟ್ಟದ್ದು. (ಕೆಲವರ ಗಂಡಂದಿರು ಬೇರೊಂದು ಅಂಗಡಿಯಲ್ಲಿಯೂ ಧಾರಾಳವಾಗಿ ತೆರಿಗೆ ಕಟ್ಟುತ್ತಾರೆ, ಸಭೆಯಲ್ಲಿ ಹೆಸರು ಬೇಡ.) ಗೃಹಲಕ್ಷ್ಮಿಯ ದುಡ್ಡಿನಿಂದ ಹೊಲಿಗೆ ಯಂತ್ರ ಕೊಂಡವರು, ಮಗಳ ಕಾಲೇಜು ಫೀ ಕಟ್ಟಿದವರು ನಮ್ಮ ಸಂಘದಲ್ಲೇ ಇದ್ದಾರೆ. ಬಸ್ಸು ಪುಕ್ಕಟೆಯಾದ ಮೇಲೆ ಗಂಡನನ್ನು ಕೇಳದೆ ತವರಿಗೆ ಹೋಗಿ ಬಂದವರಿದ್ದಾರೆ. ಯೋಜನೆ ಬೇಡವೆಂದು ನಾನು ಹೇಳಲಾರೆ. ಆದರೆ ಅದನ್ನು ನಮ್ಮ ಬಾಯಿಗೆ ಹಾಕಿದ ಬೀಗವೆಂದು ತಿಳಿದರೆ ಅದು ಹಂಗು. ಕಂತು ಎರಡು ಮೂರು ತಿಂಗಳು ತಡವಾದಾಗ ಯಾವಾಗ ಬರುತ್ತದೆಂದು ಕೇಳಲೂ ಅಂಜಿದವರನ್ನು ನಾನು ನೋಡಿದ್ದೇನೆ. ತಾಲ್ಲೂಕಿಗೊಂದು ಗ್ಯಾರಂಟಿ ಅನುಷ್ಠಾನ ಸಮಿತಿ ಇದೆ, ಅದರ ಅಧ್ಯಕ್ಷರಿಗೆ ಸರಕಾರದ ಗೌರವಧನವೂ ಇದೆ. ಕೇಳಬೇಕಾದದ್ದು ಅವರನ್ನು, ಅಂಜಿ ಅಲ್ಲ.

ಕೇಂದ್ರದವರೂ ಇದೇ ರಾಗ ಹಾಡುತ್ತಾರೆ: ಉಚಿತ ಅಕ್ಕಿ ಕೊಟ್ಟೆವು, ಗ್ಯಾಸ್ ಕೊಟ್ಟೆವು. ನಮ್ಮ ರಾಜ್ಯಕ್ಕೆ ಬರುವ ತೆರಿಗೆ ಪಾಲನ್ನು ಹದಿನೈದನೆಯ ಹಣಕಾಸು ಆಯೋಗ 4.713ರಿಂದ 3.647 ಶೇಕಡಾಕ್ಕೆ ಇಳಿಸಿತು. ಸೆಸ್ಸುಗಳ ಹಣವನ್ನು ರಾಜ್ಯಗಳೊಡನೆ ಹಂಚಿಕೊಳ್ಳಬೇಕಿಲ್ಲ. ಆದ್ದರಿಂದ ರಾಜ್ಯದವರು ದಿಲ್ಲಿಯತ್ತ ಬೆರಳು ಮಾಡಿದಾಗ ಅದರಲ್ಲಿ ನಿಜವಿದೆ. ದಿಲ್ಲಿಯವರು ಬೆಂಗಳೂರಿನತ್ತ ಬೆರಳು ಮಾಡಿದಾಗಲೂ ನಿಜವಿದೆ. ಎರಡು ಬೆರಳುಗಳ ನಡುವೆ ನಮ್ಮ ಸಂತೆಯ ಚೀಲ ಹಗುರಾಗುತ್ತಿದೆ.

ಚೀಲ ಹಗುರಾದಾಗ ಹೆಂಗಸರು ಏನು ಮಾಡುತ್ತಾರೆ? ಸಾಲ ಮಾಡುತ್ತಾರೆ. ಇದು ನಾನು ಲೆಕ್ಕದ ಪುಸ್ತಕದಲ್ಲಿ ಕಣ್ಣಾರೆ ಕಂಡದ್ದು. ಮೊದಲು ಸಂಘದ ಸಾಲವನ್ನು ಎಮ್ಮೆಗೆ, ಬೀಜಕ್ಕೆ, ಮದುವೆಗೆ ಎಂದು ಕೇಳುತ್ತಿದ್ದರು. ಈಚೆಗೆ ಕಾರಣದ ಕಾಲಂನಲ್ಲಿ "ಮನೆ ಖರ್ಚು" ಎಂದು ಬರೆಸುತ್ತಾರೆ. ಸಂಘದಲ್ಲಿ ಸಿಗದಿದ್ದರೆ ಮೈಕ್ರೋಫೈನಾನ್ಸ್‌ನವನು ಬಾಗಿಲಿಗೇ ಬರುತ್ತಾನೆ, ವಾರದ ಕಂತು. ಒಬ್ಬನ ಕಂತಿಗೆ ಇನ್ನೊಬ್ಬನ ಸಾಲ. ಈ ವರ್ಷ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತಮ್ಮ ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು, ಇದನ್ನು ಉಳಿಸಿಕೊಡಿ ಎಂದು. ಊರು ಬಿಟ್ಟವರಾದರು, ಜೀವ ಬಿಟ್ಟವರಾದರು. ಆಮೇಲೆ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು: ಸಾಲಗಾರರಿಗೆ ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದಾಯಿತು. ಆದರೆ ಕಾನೂನು ವಸೂಲಿಯವನನ್ನು ಬಾಗಿಲಿನಿಂದ ದೂರ ಇಡಬಹುದು, ಸಾಲ ಮಾಡಿಸಿದ ಬೆಲೆಯನ್ನು ಇಳಿಸಲಾರದು.

ನಮ್ಮವರ ತಪ್ಪೂ ಇದೆ. ಬೆಲೆ ಏರಿತೆಂದು ಅಳುತ್ತಲೇ ಲಗ್ನಕ್ಕೆ ಮೂರು ಬಗೆಯ ಸಿಹಿ, ಡಿಜೆ, ಡ್ರೋನ್ ಕ್ಯಾಮೆರಾ. ಮಠದಲ್ಲಿ ಸರಳ ಸಾಮೂಹಿಕ ವಿವಾಹ ನಡೆದಾಗ ಬಡವರ ಮಕ್ಕಳನ್ನು ಕೂರಿಸಿ, ಉಳ್ಳವರು ವೇದಿಕೆಯ ಮೇಲಿಂದ ಅಕ್ಕಿಕಾಳು ಹಾಕುತ್ತಾರೆ.

ಇನ್ನೊಂದು ಮಾತು, ಪೂಜ್ಯರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. ಸರಕಾರದ ಬಜೆಟ್ಟಿನಲ್ಲಿ ಮಠಗಳಿಗೆ ಅನುದಾನ ಕೊಡುವ ಪದ್ಧತಿ ನಮ್ಮ ರಾಜ್ಯದಲ್ಲಿ ಬೆಳೆದಿದೆ. ಯಾವ ಪಕ್ಷ ಬಂದರೂ ನಿಂತಿಲ್ಲ. ಶಾಲೆ, ಪ್ರಸಾದ ನಿಲಯ ನಡೆಸುವವರಿಗೆ ಕಷ್ಟವಿದೆ, ಗೊತ್ತು. ಆದರೆ ಎರಡು ಸಾವಿರ ತೆಗೆದುಕೊಂಡ ಹೆಂಗಸಿಗೆ ಬಾಯಿ ಕಟ್ಟುವುದಾದರೆ, ಎರಡು ಕೋಟಿ ತೆಗೆದುಕೊಂಡ ಮಠಕ್ಕೆ ಏನಾಗುತ್ತದೆ? ಹಾಲಿನ ದರ, ಗ್ಯಾಸಿನ ದರ ಏರಿದಾಗ ಎಷ್ಟು ಮಠಗಳಿಂದ ಒಂದು ಹೇಳಿಕೆ ಬಂತೆಂದು ನೀವೇ ಎಣಿಸಿ. ಜಾತಿಗೊಂದು ಮಂತ್ರಿ ಸ್ಥಾನ ಕೇಳಲು ಮಾತ್ರ ಪತ್ರಿಕಾಗೋಷ್ಠಿ ತಪ್ಪುವುದಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರದ ಹಣ ದಾಸೋಹಕ್ಕೆ ಹೋಗುತ್ತಿದೆ ಎಂಬ ದೂರು ಬಂದಾಗ ಅವರು ಲೆಕ್ಕ ಒಪ್ಪಿಸಿದರು ಎಂದು ಪುರಾಣಗಳು ಹೇಳುತ್ತವೆ. ನನ್ನಂಥ ಲೆಕ್ಕದವಳಿಗೆ ಆ ಪ್ರಸಂಗದಲ್ಲಿ ಪವಾಡ ಮುಖ್ಯವಲ್ಲ, ಕೇಳಿದಾಗ ಲೆಕ್ಕ ತೋರಿಸಿದ್ದು ಮುಖ್ಯ.

ಕೇಳುವುದು ಎಲ್ಲಿ ಎಂದರೆ, ಜಾಗವಿದೆ. ವಿದ್ಯುತ್ ದರವನ್ನು ಮಂತ್ರಿ ನೇರವಾಗಿ ಏರಿಸುವುದಿಲ್ಲ. ಕಂಪನಿ ಅರ್ಜಿ ಹಾಕುತ್ತದೆ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಆಕ್ಷೇಪಣೆ ಕರೆದು, ಬಹಿರಂಗ ವಿಚಾರಣೆ ಮಾಡಿ ಆದೇಶ ಕೊಡುತ್ತದೆ. ನಮ್ಮ ಭಾಗಕ್ಕೆ ಹೆಸ್ಕಾಂ, ಕಚೇರಿ ಹುಬ್ಬಳ್ಳಿಯಲ್ಲಿದೆ. ಆಕ್ಷೇಪಣೆ ಯಾರೂ ಸಲ್ಲಿಸಬಹುದು. ನಾನು ಒಮ್ಮೆ ಅಂಥ ವಿಚಾರಣೆಯಲ್ಲಿ ಕುಳಿತು ಬಂದಿದ್ದೇನೆ. ಉದ್ಯಮಿಗಳ ಸಂಘದವರು ದಪ್ಪ ಫೈಲು ಹಿಡಿದು ಬಂದಿದ್ದರು, ರೈತ ಸಂಘದವರು ಹಸಿರು ಶಾಲು ಹೊದ್ದು ಬಂದಿದ್ದರು. ಮನೆ ನಡೆಸುವ ಹೆಂಗಸರು ಕೈಬೆರಳೆಣಿಕೆಗೂ ಇರಲಿಲ್ಲ. ಈಗ ಏರಿಸಿದ 36 ಪೈಸೆ ವಿದ್ಯುತ್ ನೌಕರರ ಪಿಂಚಣಿ, ಗ್ರ್ಯಾಚುಯಿಟಿಯ ಬಾಬ್ತು. ಅವರ ಪಿಂಚಣಿ ಅವರಿಗೆ ಸಿಗಲೇಬೇಕು. ಅದನ್ನು ನಮ್ಮ ಹಿಟ್ಟಿನ ಗಿರಣಿಯ ಬಿಲ್ಲಿನಲ್ಲಿ ಏಕೆ ಹಾಕಬೇಕು, ಸರಕಾರ ಏಕೆ ಕೊಡಬಾರದು ಎಂದು ಕೇಳುವವರು ಬೇಕು. ಗೃಹಜ್ಯೋತಿಯಿಂದ ಮನೆಯ ಬಿಲ್ಲು ಸೊನ್ನೆ ಬಂದವರಿಗೆ ಇದು ಕಾಣುವುದಿಲ್ಲ, ಆದರೆ ಜೋಳ ಬೀಸಿಸಿಕೊಂಡು ಬರುವಾಗ ಗಿರಣಿಯವನ ಕೈಗೆ ಕೊಡುತ್ತೀರಿ.

ನಮ್ಮ ಸಂಘ ಒಂದು ಕೆಲಸ ಹಿಡಿದಿದೆ. ಗಿರಣಿ, ಖಾನಾವಳಿ, ಹೊಲಿಗೆ ಅಂಗಡಿ ಇಟ್ಟವರ ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಬಿಲ್ಲುಗಳನ್ನು ಜೋಡಿಸಿಡುತ್ತಿದ್ದೇವೆ, ಮುಂದಿನ ವಿಚಾರಣೆಗೆ ಒಯ್ಯಲು. ಹಾಲು ಹಾಕುವವರು ತಮ್ಮ ಬಟವಾಡೆ ಪುಸ್ತಕದ ಪ್ರತಿ ಕೊಡಿ, 4 ರೂಪಾಯಿ ಪೂರ್ತಿ ಬಂತೋ ಇಲ್ಲವೋ ಎಂದು ಮುಂದಿನ ಗ್ರಾಮಸಭೆಯಲ್ಲಿ ಕಾರ್ಯದರ್ಶಿಯ ಮುಂದೆ ಓದಿಸೋಣ. ಪ್ರಸಾದವಾದ ಮೇಲೆ ನಾನು ಗೋದಲಿಯ ಪಕ್ಕದ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಬಿಲ್ಲು ತಂದವರು ಅಲ್ಲಿಗೆ ಬನ್ನಿ, ಗಂಡಸರೂ ಬರಬಹುದು.