ಮಣ್ಣಿನ ಸತ್ವ, ಮನೆಯ ಆರೋಗ್ಯ

ವೈದ್ಯಾಧಿಕಾರಿಯಾದವನು ಔಷಧಿಯ ವಿಷಯವನ್ನು ಬಿಟ್ಟು ಹೊಲದ ಮಣ್ಣಿನ ವಿಷಯವನ್ನು ಎತ್ತಿಕೊಂಡನೇಕೆ ಎಂದು ತಮಗೆ ಅನ್ನಿಸಬಹುದು. ಕಾರಣವಿದೆ. ರಕ್ತಹೀನತೆಯಿಂದ ಬಿಳಿಚಿಕೊಂಡ ಗರ್ಭಿಣಿಯರೂ, ವಯಸ್ಸಿಗೆ ತಕ್ಕಂತೆ ಬೆಳೆಯದ ಮಕ್ಕಳೂ ಆಸ್ಪತ್ರೆಗೆ ಬಂದಾಗ, ಕಾಯಿಲೆಯ ಬೇರು ಎಷ್ಟೋ ವೇಳೆ ಊಟದ ತಟ್ಟೆಯಲ್ಲಿಯೂ, ಆ ತಟ್ಟೆಯನ್ನು ತುಂಬಿಸುವ ಮಣ್ಣಿನಲ್ಲಿಯೂ ಇರುತ್ತದೆ.

ಮಣ್ಣು ನಿರ್ಜೀವ ವಸ್ತುವಲ್ಲ. ಒಂದು ಹಿಡಿ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಅವು ಕೊಟ್ಟಿಗೆ ಗೊಬ್ಬರ, ಎಲೆ, ಕೂಳೆಗಳನ್ನು ಕೊಳೆಯಿಸಿ ಬೆಳೆಗೆ ಆಹಾರವನ್ನಾಗಿ ಮಾಡುತ್ತವೆ. ಬೆಳೆಗೆ ಸಾರಜನಕ, ರಂಜಕ, ಪೊಟ್ಯಾಷ್‌ಗಳಲ್ಲದೆ ಸತು, ಕಬ್ಬಿಣ, ಬೋರಾನ್ ಮುಂತಾದವೂ ಅಲ್ಪ ಪ್ರಮಾಣದಲ್ಲಿ ಬೇಕು. 2009ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಭೂಚೇತನ ಯೋಜನೆಗೆ ಆಧಾರವಾದ ಮಣ್ಣು ಪರೀಕ್ಷೆಗಳಲ್ಲಿ, ಮಳೆಯಾಶ್ರಿತ ಹೊಲಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆಯು ವ್ಯಾಪಕವಾಗಿ ಕಂಡುಬಂದಿತು. ಸತುವಿಲ್ಲದ ಮಣ್ಣಿನಲ್ಲಿ ಇಳುವರಿಯು ತಗ್ಗುವುದಲ್ಲದೆ ಕಾಳಿನಲ್ಲಿಯೂ ಸತು ಕಡಿಮೆಯಾಗುತ್ತದೆ. ಮಕ್ಕಳ ಬೆಳವಣಿಗೆಗೂ, ರೋಗವನ್ನು ಎದುರಿಸುವ ಶಕ್ತಿಗೂ ಸತು ಅವಶ್ಯಕ. ಮಗುವಿಗೆ ಭೇದಿಯಾದಾಗ ಓ.ಆರ್.ಎಸ್. ದ್ರಾವಣದೊಡನೆ 14 ದಿನ ಸತುವಿನ ಮಾತ್ರೆ ಕೊಡುವುದನ್ನು ತಾವು ಬಲ್ಲಿರಿ.

ಆದುದರಿಂದ ಬೆಳೆ ಕಟಾವಾದ ಮೇಲೆ ಮಣ್ಣನ್ನು ಪರೀಕ್ಷೆ ಮಾಡಿಸಿರಿ. ಹೊಲದ ಎಂಟು ಹತ್ತು ಕಡೆಗಳಲ್ಲಿ ಆರು ಅಂಗುಲ ಆಳದವರೆಗಿನ ಮಣ್ಣನ್ನು ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅದರಲ್ಲಿ ಅರ್ಧ ಕಿಲೋದಷ್ಟನ್ನು ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ. ಬದು, ಮರದಡಿ, ತಿಪ್ಪೆಯ ಬಳಿಯ ಮಣ್ಣು ಬೇಡ. ಚೀಟಿಯಲ್ಲಿ ಬರೆದಷ್ಟೇ ಗೊಬ್ಬರ ಹಾಕಿರಿ. ರಾಗಿ, ಜೋಳಗಳೊಡನೆ ತೊಗರಿ, ಅವರೆ, ಹೆಸರು ಬೆಳೆದರೆ ಅವುಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಮನೆಗೆ ಬೇಳೆಯೂ ದೊರೆಯುತ್ತದೆ.

ಇನ್ನೊಂದು ಮಾತು. ಬಯಲಿನಲ್ಲಿ ಮಲವಿಸರ್ಜನೆ ಮಾಡಿದರೆ ಕೊಕ್ಕೆಹುಳುವಿನ ಮೊಟ್ಟೆಗಳು ತೇವವಾದ ಮಣ್ಣಿನಲ್ಲಿ ಮರಿಯಾಗಿ, ಬರಿಗಾಲಿನ ಚರ್ಮವನ್ನು ಕೊರೆದು ದೇಹವನ್ನು ಸೇರುತ್ತವೆ. ಅಲ್ಲಿ ಕರುಳಿಗೆ ಅಂಟಿಕೊಂಡು ರಕ್ತ ಹೀರುತ್ತವೆ. ಕಳೆ ಕೀಳುವ ಹೆಣ್ಣುಮಕ್ಕಳಿಗೆ ಈ ಅಪಾಯ ಹೆಚ್ಚು. ಶೌಚಾಲಯವನ್ನೇ ಬಳಸಿರಿ, ಹೊಲಕ್ಕೆ ಚಪ್ಪಲಿ ಮೆಟ್ಟಿ ಹೋಗಿರಿ, ಮಕ್ಕಳಿಗೆ ಕಾಲಕಾಲಕ್ಕೆ ಜಂತುಹುಳುವಿನ ಮಾತ್ರೆ ಕೊಡಿಸಿರಿ. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಅದನ್ನು ನುಂಗಬೇಕು. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪಿಸಬಾರದು.

ಒಂದೇ ಬೆಳೆಯನ್ನು ಬಿಡುವಿಲ್ಲದೆ ತೆಗೆದರೆ ಭೂಮಿಯು ಸೊರಗುವುದನ್ನು ತಾವು ಕಣ್ಣಾರೆ ಕಂಡಿದ್ದೀರಿ. ಹೆರಿಗೆಯ ಮೇಲೆ ಹೆರಿಗೆಯಾದರೆ ತಾಯಿಯ ರಕ್ತವೂ ಹಾಗೆಯೇ ಬರಿದಾಗುತ್ತದೆ. ಒಂದು ಮಗುವಿಗೂ ಇನ್ನೊಂದಕ್ಕೂ ಮೂರು ವರ್ಷಗಳ ಅಂತರವಿರಲಿ. ಇದಕ್ಕೆ ಬೇಕಾದ ಸಾಧನಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ಹೊಲದ ಲೆಕ್ಕವನ್ನು ಗಂಡ ಹೆಂಡಿರು ಕುಳಿತು ಮಾತನಾಡುವಂತೆ ಈ ವಿಷಯವನ್ನೂ ಇಬ್ಬರೂ ಕೂಡಿ ನಿಶ್ಚಯಿಸಿರಿ.

ಮಣ್ಣಿಗೆ ತೆಗೆದುದನ್ನು ಹಿಂದಿರುಗಿಸೋಣ, ತಾಯಿಗೆ ಬಿಡುವು ಕೊಡೋಣ.