ಕೂಡಿ ದುಡಿಯುವವರ ಲೆಕ್ಕ



ಹಿಂಗಾರಿ ಜೋಳ ಕೀಳುವ ಆಳುಗಳನ್ನು ಈ ತಾಂಬಾ ಸೀಮೆಯ ಎರೆಹೊಲಗಳಲ್ಲಿ ನೀವೆಲ್ಲ ನೋಡಿದ್ದೀರಿ. ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ನಡೆಯುತ್ತಾರೆ. ಒಬ್ಬನು ಹಿಂದೆ ಬಿದ್ದರೆ ಪಕ್ಕದವನು ಅವನ ಸಾಲಿನಲ್ಲಿಯೂ ನಾಲ್ಕು ದಂಟು ಕಿತ್ತು ಕೊಡುತ್ತಾನೆ. ಅದು ಪ್ರೀತಿ. ಆದರೆ ದಿನಾಲೂ ಬೇಕೆಂದೇ ಹಿಂದೆ ಬೀಳುವವನಿಗೆ ಏನು ಮಾಡಬೇಕು? ಅವನ ಮುಂದೆ ಯಾರೂ ತುಟಿ ಬಿಚ್ಚುವುದಿಲ್ಲ. ಹೊಲದ ಒಡೆಯನ ಕಿವಿಗೆ ಹಾಕುತ್ತಾರೆ, ಇಲ್ಲವೆ ಬುತ್ತಿ ಬಿಚ್ಚಿದಾಗ ಅವನಿಲ್ಲದ ಕಡೆ ಆಡಿಕೊಳ್ಳುತ್ತಾರೆ.

ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನವರು ಹಾಗೆ ಮಾಡಲಿಲ್ಲ. ಗಂಡ ಮಾರಯ್ಯನವರು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವರು, ಅದರಲ್ಲಿ ದಾಸೋಹ ನಡೆಯುವುದು. ಒಂದು ದಿನ ಮಾರಯ್ಯನವರು ಅನುಭವದ ಗೋಷ್ಠಿಯಲ್ಲಿ ಮೈಮರೆತು ಕುಳಿತರು. ಕಾಯಕ ನಿಂತುಹೋಗಿದೆಯೆಂದು ಎಬ್ಬಿಸಿದವರು ಲಕ್ಕಮ್ಮನವರು. ಮತ್ತೊಮ್ಮೆ ಎಂದಿನ ಅಳತೆಗಿಂತ ಹೆಚ್ಚು ಅಕ್ಕಿ ಬಂತು. ಆ ತಾಯಿ ಅದನ್ನು ಒಲೆಗೇರಿಸಲಿಲ್ಲ. ಇದು ನಮ್ಮದಲ್ಲ, ತಿರುಗಿ ಅಲ್ಲಿಯೇ ಚೆಲ್ಲಿ ಬನ್ನಿರೆಂದರು. ಇಲ್ಲಿ ಒಂದು ಮಾತು ಗಮನಿಸಿರಿ. ಅವರು ಬಸವಣ್ಣನವರಲ್ಲಿಗೆ ದೂರು ಒಯ್ಯಲಿಲ್ಲ. ಮಹಾಮಂತ್ರಿಯ ಮನೆ ಹತ್ತಿರವೇ ಇತ್ತಲ್ಲ! ತನ್ನ ಜೊತೆಗಾರನಿಗೆ, ತನ್ನ ಮನೆಯಲ್ಲಿ, ಅನ್ನ ಬೇಯುವ ಮುಂಚೆ ಹೇಳಿದರು. ಅಕ್ಕಿ ತಿರುಗಿ ಹೋದರೆ ತಮ್ಮ ಪಾಲಿಗೂ ಕಡಿಮೆಯೇ ಉಳಿಯುತ್ತಿತ್ತು. ಅದಕ್ಕೇ ಆ ಮಾತಿಗೆ ತೂಕ. ಮಾರಯ್ಯನವರೂ ದೊಡ್ಡವರೇ, ಹೆಂಡತಿ ಹೇಳಿದಳೆಂದು ಮುನಿಯದೆ ಹೊತ್ತು ನಡೆದರು.

ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. 1904ರ ಕಾಯಿದೆಯಂತೆ ಅಂಥ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆ. ಅಂದರೆ ಒಬ್ಬನು ಸಾಲ ಮುಳುಗಿಸಿದರೆ ಉಳಿದವರ ಹೊಲಮನೆಯೂ ಅದಕ್ಕೆ ಉತ್ತರ ಕೊಡಬೇಕು. ಹೀಗಿದ್ದಾಗ ನೆರೆಯವನು ಸುಮ್ಮನೆ ಕೂಡ್ರುತ್ತಾನೆಯೇ? ಈ ಹಣ ಎತ್ತಿಗೋ, ಬೀಜಕ್ಕೋ, ಮದುವೆಯ ಮೆರವಣಿಗೆಗೋ ಎಂದು ಕೇಳಿಯೇ ಕೇಳುತ್ತಾನೆ. ಕೇಳಿಸಿಕೊಂಡವನು ಅದನ್ನು ಅವಮಾನವೆಂದರೆ ಸಂಘ ನಡೆಯದು. ಇವನನ್ನು ಕೇಳಿದವನು ನಾಳೆ ತಾನೂ ಕೇಳಿಸಿಕೊಳ್ಳುವವನೇ.

ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇವೆ. ಒಂದು ಊರಿನ ದಾಸೋಹದಲ್ಲಿ ಸೇವೆಗೆ ನಿಂತ ತರುಣನೊಬ್ಬ ದಿನವೂ ಒಂದಿಷ್ಟು ಬೆಲ್ಲ, ಬೇಳೆ ಮನೆಗೆ ಒಯ್ಯುತ್ತಿದ್ದ. ಜೊತೆಯವರೆಲ್ಲ ಬಲ್ಲರು, ಒಬ್ಬರೂ ಅವನಿಗೆ ಹೇಳಲಿಲ್ಲ, ಒಬ್ಬೊಬ್ಬರಾಗಿ ಬಂದು ನಮಗೆ ಹೇಳಿದರು. ನಾವು ಸಿಟ್ಟಿನಲ್ಲಿ ತುಂಬಿದ ಸಭೆಯಲ್ಲಿ ಅವನ ಹೆಸರೆತ್ತಿದೆವು. ಮರುದಿನದಿಂದ ಅವನು ಬರಲಿಲ್ಲ. ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳೆಂಬುದು ಆಮೇಲೆ ತಿಳಿಯಿತು. ಪಕ್ಕದಲ್ಲಿ ನಿಂತು ಬಡಿಸುತ್ತಿದ್ದವನು ಮೊದಲ ದಿನವೇ ‘ಯಾಕಪ್ಪಾ ತಮ್ಮಾ?’ ಎಂದು ಕೇಳಿದ್ದರೆ ಅದೂ ಅಂದೇ ತಿಳಿಯುತ್ತಿತ್ತು, ಬೇಳೆಯೂ ಕದ್ದು ಹೋಗುತ್ತಿರಲಿಲ್ಲ, ಕೇಳಿಯೇ ಹೋಗುತ್ತಿತ್ತು. ನಾವು ಅವನ ಮನೆಗೆ ಹೋದೆವು. ಅವನು ಹಿತ್ತಲ ಬಾಗಿಲಿನಿಂದ ಹೊರಟುಹೋದ. ತಾಯಿ ಮಾತ್ರ ಮಲಗಿದಲ್ಲಿಂದಲೇ ಕೈ ಮುಗಿದಳು.