ಕೋವಿಯ ಅಗುಳಿ ಬಿಡದಿದ್ದಾಗ



ಬಾಗಿಲಿಗೊಂದು ಅಗುಳಿ ಇರುವಂತೆ ರೈಫಲ್ ಎಂಬ ಕೋವಿಗೂ ಒಂದು ಅಗುಳಿ ಉಂಟು. ಇಂಗ್ಲಿಷಿನವರು ಬಾಗಿಲಿನದಕ್ಕೂ ಕೋವಿಯದಕ್ಕೂ ಬೋಲ್ಟ್ ಎಂಬ ಒಂದೇ ಮಾತನ್ನು ಬಳಸುತ್ತಾರೆ. ಕೋವಿ ಎಂಬ ನಮ್ಮ ಮಾತಿಗೆ ಕೊಳವೆ ಎಂಬ ಅರ್ಥವೂ ಇದೆಯಷ್ಟೆ. ಆ ಕೊಳವೆಯ ಹಿಂಬದಿಯನ್ನು ಮುಚ್ಚಿ, ತೋಟಾ ಸಿಡಿದಾಗ ಅದರ ರಭಸ ಹಾರಿಸುವವನ ಮುಖದ ಕಡೆಗೆ ಬಾರದಂತೆ ತಡೆಯುವ ಉಕ್ಕಿನ ದಂಡವೇ ಬೋಲ್ಟು. ಅದನ್ನು ಹಿಂದಕ್ಕೆ ಎಳೆದಾಗ ಜಾರಿ ಬೀಳದಂತೆ ಒಂದು ತಡೆಗೀಲು ಹಿಡಿದಿರುತ್ತದೆ. ಪೂರ್ತಿಯಾಗಿ ಹೊರಕ್ಕೆ ತೆಗೆಯಬೇಕಾದರೆ ಆ ಗೀಲನ್ನು ಸರಿಸಬೇಕು. ಗೀಲು ಸರಿಯದೆ ಹಟ ಹಿಡಿದರೆ ಮಾಡುವುದೇನು? ಇದೇ ಈ ಹೊತ್ತಿನ ಮಾತು.

ಕನ್ನಡ ಪಂಡಿತರಿಗೆ ಈ ಉಸಾಬರಿ ಏಕೆಂದು ತಾವು ಕೇಳಬಹುದು. ಕೊಡಗಿನ ಪ್ರೌಢಶಾಲೆಯಲ್ಲಿ ಪಾಠ ಹೇಳುವವನಿಗೆ ಕೋವಿ ಅಪರಿಚಿತವಾಗಿ ಉಳಿಯಲಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು; ಬೇಟೆಯ ರೈಫಲುಗಳು ಮಾತ್ರ ಉಳಿದವು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾಯಿದೆಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ 2029ರವರೆಗೆ ಮುಂದುವರಿಸಲಾಯಿತು. ಅಲ್ಲಿ ಕೋವಿ ಮನೆತನದ ಒಡವೆ, ಪೂಜೆಯ ವಸ್ತು, ಕೈಲ್ ಪೊಳ್ದ್ ಹಬ್ಬದಂದು ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಡುವ ಸಾಧನ.

ಹಳೆಯ ಬೇಟೆಯ ರೈಫಲುಗಳಲ್ಲಿ ಬಹಳಷ್ಟು ಜರ್ಮನಿಯ ಪಾಲ್ ಮೌಸರರ 1898ರ ಮಾದರಿಯವು, ಇಲ್ಲವೆ ಅದನ್ನು ಅನುಸರಿಸಿದವು. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟರಿಗೆ 1907ರಲ್ಲಿ ಬಹುಮಾನವಾಗಿ ಬಂದ, ಲಂಡನ್ನಿನ ರಿಗ್ಬಿ ಕಂಪನಿಯ ರೈಫಲೂ ಮೌಸರ್ ಜಾತಿಯದೇ. ಈ ಮಾದರಿಯಲ್ಲಿ ತಡೆಗೀಲು ಕೋವಿಯ ಎಡಮಗ್ಗುಲಲ್ಲಿ, ಹಿಂಬದಿಗೆ ಇರುತ್ತದೆ. ಒಂದು ತಿರುಪುಮೊಳೆಯ ಮೇಲೆ ತಿರುಗುವ ಚಿಕ್ಕ ಉಕ್ಕಿನ ಪೆಟ್ಟಿಗೆ ಅದು. ಒಳಗೊಂದು ಪಟ್ಟಿ ಸ್ಪ್ರಿಂಗು. ಹೆಬ್ಬೆರಳಿನಿಂದ ಹೊರಕ್ಕೆ ಎಳೆದರೆ ಬೋಲ್ಟಿಗೆ ದಾರಿ ಬಿಡುತ್ತದೆ. ಕೈಬಿಟ್ಟರೆ ಸ್ಪ್ರಿಂಗಿನ ಬಲದಿಂದ ಸ್ವಸ್ಥಾನಕ್ಕೆ ಮರಳುತ್ತದೆ. ಬೇರೆ ಕೆಲವು ರೈಫಲುಗಳಲ್ಲಿ ಕುದುರೆಯ ಮುಂದುಗಡೆ ಚಿಕ್ಕದೊಂದು ಗುಂಡಿ ಇರುತ್ತದೆ. ಜಾಗ ಬೇರೆಯಾದರೂ ಕೆಲಸ ಒಂದೇ.

ಈ ಚಿಕ್ಕ ಗೀಲಿಗೆ ಇಷ್ಟೊಂದು ಉಪಚಾರವೇಕೆ? ಬೋಲ್ಟು ಹೊರಕ್ಕೆ ಬಾರದಿದ್ದರೆ ನಳಿಗೆಯೊಳಗೆ ಹಿಂಬದಿಯಿಂದ ಬೆಳಕು ಹಾಯಿಸಿ ನೋಡಲಾಗದು. ತಿಂಗಳುಗಟ್ಟಲೆ ಸುಮ್ಮನಿದ್ದ ನಳಿಗೆಯಲ್ಲಿ ಕಣಜವು ಮಣ್ಣಿನ ಗೂಡು ಕಟ್ಟಿರಬಹುದು. ಒರಸುವ ಬಟ್ಟೆಯ ಚೂರು ಉಳಿದಿರಬಹುದು. ಅದನ್ನರಿಯದೆ ಗುಂಡು ಹಾರಿಸಿದರೆ ನಳಿಗೆಯೇ ಸೀಳೀತು. ಆಗ ಹೋಗುವುದು ಕೋವಿಯೊಂದೇ ಅಲ್ಲ. ಹಿಡಿದವನ ಕೈ, ಕಣ್ಣು, ಕೆಲವೊಮ್ಮೆ ಪ್ರಾಣ.

ಗೀಲು ಏಕೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ನೋಡೋಣ. ಕೊಡಗಿನ ಸಂಪ್ರದಾಯದಲ್ಲಿ ಬೇಸಾಯದ ದಿನಗಳಲ್ಲಿ ಕೋವಿಯನ್ನು ಕನ್ನಿ ಕೋಂಬರೆಯಲ್ಲಿ ಇರಿಸಿ, ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ, ಕೈಲ್ ಪೊಳ್ದಿಗೆ ಹೊರತೆಗೆಯುತ್ತಾರೆ. ವರ್ಷದಲ್ಲೆಲ್ಲ ಹೆಚ್ಚು ಮಳೆ ಸುರಿಯುವ ತಿಂಗಳುಗಳು ಅವೇ. ತೇವದಿಂದ ತುಕ್ಕು ಹಿಡಿಯುತ್ತದೆ. ಹಿಂದೆ ಹಚ್ಚಿದ ಎಣ್ಣೆ ಧೂಳಿನೊಡನೆ ಬೆರೆತು ಮೇಣದಂತಾಗುತ್ತದೆ. ಕೊಬ್ಬರಿ ಎಣ್ಣೆಯನ್ನು ಹಚ್ಚಿದ್ದರಂತೂ ಮುಗಿಯಿತು; ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದರೆ ಅದು ಹೆಪ್ಪುಗಟ್ಟುತ್ತದೆಂಬುದನ್ನು ಗೃಹಿಣಿಯರು ಬಲ್ಲರು. ಇದರ ಮೇಲೆ ಪೂಜೆಯ ಗಂಧ, ಅರಿಸಿನ, ಕುಂಕುಮ ಸಂದಿಗಿಳಿದು ಒಣಗಿದರೆ ಗಾರೆ ಹಾಕಿದಂತೆಯೇ ಸರಿ.

ಇನ್ನು ಉಪಾಯ. ಮೊದಲ ಕೆಲಸ ಗೀಲಿನದಲ್ಲ, ತೋಟಾದ್ದು. ಕೋವಿ ಖಾಲಿ ಎಂದು ಯಾರು ಹೇಳಿದರೂ ನಂಬಬೇಡಿರಿ. ಮೂತಿಯನ್ನು ಜನರಿಲ್ಲದ, ಅಪಾಯವಿಲ್ಲದ ದಿಕ್ಕಿಗೆ ತಿರುಗಿಸಿ, ಕುದುರೆಯಿಂದ ಬೆರಳನ್ನು ದೂರವಿಟ್ಟು, ಬೋಲ್ಟಿನ ಹಿಡಿಯನ್ನು ಮೇಲೆತ್ತಿ ಹಿಂದಕ್ಕೆ ಎಳೆಯಿರಿ. ಗೀಲು ಕೆಟ್ಟಿದ್ದರೂ ಬೋಲ್ಟು ಇಷ್ಟಂತೂ ಸರಿಯುತ್ತದೆ. ಹಿಡಿಯೇ ಏಳದಿದ್ದರೆ ಹಿಂದಿರುವ ರಕ್ಷಣೆಯ ಕೀಲಿಯನ್ನು ನೋಡಿರಿ. ಮೌಸರಿನಲ್ಲಿ ಅದು ಬಲಕ್ಕೆ ಮಲಗಿದ್ದರೆ ಬೋಲ್ಟಿಗೆ ಬೀಗ ಬಿದ್ದಂತೆ. ತೋಟಾ ಕೂರುವ ಕೋಣೆಯನ್ನು ಕಣ್ಣಾರೆ ನೋಡಿ, ಕಿರುಬೆರಳಿನಿಂದ ಮುಟ್ಟಿ, ಖಾಲಿ ಎಂದು ಖಚಿತಪಡಿಸಿಕೊಳ್ಳಿರಿ. ಕೆಳಗಿನ ಪೆಟ್ಟಿಗೆಯಲ್ಲಿ ತೋಟಾ ಉಳಿದಿದ್ದರೆ ಅವನ್ನೂ ತೆಗೆಯಿರಿ. ಇಲ್ಲವಾದರೆ ಬೋಲ್ಟನ್ನು ಮುಂದಕ್ಕೆ ತಳ್ಳಿದೊಡನೆ ಒಂದು ಒಳಕ್ಕೆ ಸೇರಿಕೊಳ್ಳುತ್ತದೆ. ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಡಿರಿ. ತೋಟಾ ಒಳಗೇ ಸಿಕ್ಕಿಕೊಂಡು ಬೋಲ್ಟು ತೆರೆಯದಿದ್ದರೆ ಮೂತಿಯಿಂದ ಸರಳು ಹಾಕಿ ಕೆದಕಬೇಡಿರಿ. ಕೆಲಸ ಅಲ್ಲಿಗೇ ನಿಲ್ಲಲಿ, ತಿಳಿದವರನ್ನು ಕರೆಯಿರಿ.

ಕೋವಿ ಖಾಲಿ ಎಂದಾದ ಮೇಲೆ, ದೀಪ, ಒಲೆ, ಬೀಡಿಗಳಿಂದ ದೂರ ಕುಳಿತು, ಗೀಲಿನ ಸಂದಿಗೆ ಎರಡು ಮೂರು ತೊಟ್ಟು ಸೀಮೆಎಣ್ಣೆ ಬಿಡಿರಿ. ಮರದ ಭಾಗಕ್ಕೆ ತಾಗದಿರಲಿ, ಮೆರುಗು ಕೆಡುತ್ತದೆ. ಕಾಲು ಗಂಟೆ ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಸಣ್ಣ ಬಿದಿರು ಕಡ್ಡಿಯಿಂದ ಕೊಳೆಯನ್ನು ಬಿಡಿಸಿರಿ. ಆಮೇಲೆ ಹೆಬ್ಬೆರಳಿನಿಂದ ಗೀಲನ್ನು ಮೆಲ್ಲನೆ ಎಳೆದು ಬಿಡುತ್ತಿರಿ. ಕೂದಲೆಳೆಯಷ್ಟು ಅಲುಗಿದರೆ ಅರ್ಧ ಗೆದ್ದಂತೆ. ಮತ್ತೆ ಎಣ್ಣೆ, ಮತ್ತೆ ಉಜ್ಜುವುದು. ಎರಡು ಮೂರು ಸಲ ಹೀಗೆ ಮಾಡಿದರೆ ಜಿಗುಟಿನಿಂದ ಹಿಡಿದ ಗೀಲು ಸಾಮಾನ್ಯವಾಗಿ ಬಿಡುತ್ತದೆ. ಸೀಮೆಎಣ್ಣೆ ಕೊಳೆ ತೆಗೆಯುತ್ತದೆಯೇ ಹೊರತು ತುಕ್ಕಿನಿಂದ ಕಾಪಾಡದು. ಆದ್ದರಿಂದ ಒಣಬಟ್ಟೆಯಿಂದ ಚೆನ್ನಾಗಿ ಒರಸಿ, ಹೊಲಿಗೆಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನು ಒಂದೇ ಒಂದು ತೊಟ್ಟು ಹಾಕಿರಿ. ಹೆಚ್ಚು ಹಾಕಿದರೆ ಮತ್ತೆ ಧೂಳನ್ನು ಕರೆದಂತಾದೀತು.

ಇಷ್ಟಕ್ಕೂ ಬಗ್ಗದಿದ್ದರೆ? ಸುತ್ತಿಗೆ, ಇಕ್ಕಳಗಳ ಕಡೆಗೆ ಕೈ ಹೋಗದಿರಲಿ. ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಸ್ಪ್ರಿಂಗು ಮುರಿದಿರಬಹುದು, ತಿರುಪುಮೊಳೆ ಬಾಗಿರಬಹುದು. ತೋಟಾದ ಖಾಲಿ ಚಿಪ್ಪನ್ನು ಹೊರಕ್ಕೆ ಎಸೆಯುವ ಸಣ್ಣ ಪಟ್ಟಿಯೂ ಮೌಸರಿನಲ್ಲಿ ಅದೇ ಪೆಟ್ಟಿಗೆಯೊಳಗಿದೆ. ಒಂದನ್ನು ಬಡಿದರೆ ಮೂರು ಕೆಡುತ್ತವೆ. ಪರವಾನಗಿಯುಳ್ಳ ಕೋವಿ ರಿಪೇರಿಯವರ ಬಳಿಗೆ ಒಯ್ಯುವುದೇ ಮೇಲು.

ಗೀಲು ಬಿಟ್ಟಿತೆನ್ನೋಣ. ಬೋಲ್ಟನ್ನು ತೆಗೆದಿಟ್ಟು, ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿರಿ. ದುಂಡಗಿನ ಬೆಳಕು ಅಡೆತಡೆಯಿಲ್ಲದೆ ಕಾಣಬೇಕು. ಮನೆಯಲ್ಲಿ ಎರಡು ರೈಫಲುಗಳಿದ್ದರೆ ಒಂದರ ಬೋಲ್ಟನ್ನು ಇನ್ನೊಂದಕ್ಕೆ ಹಾಕಲೇಬಾರದು. ನಳಿಗೆಗೂ ಬೋಲ್ಟಿಗೂ ಅಳತೆ ತಪ್ಪಿದರೆ ತೋಟಾ ಹಿಂದಕ್ಕೆ ಒಡೆಯಬಹುದು. ಹಲವು ರೈಫಲುಗಳಲ್ಲಿ ಬೋಲ್ಟಿನ ಮೇಲೂ ಅಂಕಿ ಕೆತ್ತಿರುತ್ತದೆ, ಹೊಂದಿಸಿ ನೋಡಿಕೊಳ್ಳಿರಿ. ಮರಳಿ ಹಾಕಿದ ಮೇಲೆ ಗೀಲನ್ನು ಮುಟ್ಟದೆ ಬೋಲ್ಟನ್ನು ಐದಾರು ಸಲ ಹಿಂದಕ್ಕೆ ಎಳೆಯಿರಿ. ಪ್ರತಿಸಲವೂ ಟಕ್ಕೆಂದು ನಿಲ್ಲಬೇಕು. ಬಿಡದ ಗೀಲು ಎಷ್ಟು ಕೆಟ್ಟದ್ದೋ ಹಿಡಿಯದ ಗೀಲೂ ಅಷ್ಟೇ ಕೆಟ್ಟದ್ದು.

ಕೈಲ್ ಪೊಳ್ದಿನಲ್ಲಿ ಕೋವಿಗೆ ತೋಕ್ ಪೂ ಮುಡಿಸುತ್ತಾರೆ. ನವರಾತ್ರಿಯಲ್ಲಿ ಆಯುಧಗಳಿಗೆ ಗಂಧ ಕುಂಕುಮಗಳಿಡುತ್ತಾರೆ. ಪೂಜೆ ಅಗತ್ಯವಾಗಿ ನಡೆಯಲಿ. ಮಂಗಳಾರತಿಯಾದ ಮರುದಿನ ಅದೇ ಶ್ರದ್ಧೆಯಿಂದ ಒಂದು ಒಣಬಟ್ಟೆಯನ್ನೂ ಒಂದು ತೊಟ್ಟು ಎಣ್ಣೆಯನ್ನೂ ತೆಗೆದುಕೊಳ್ಳಿರಿ. ಅದೂ ಆಯುಧಪೂಜೆಯೇ.